ಬೋರ್‌ವೆಲ್ ರಾಡು ನಿಂತು ನಿಂತು ಜಗ್ಗುವುದು ಯಾಕೆ?

ಪ್ರಶ್ನೆ: ತೋಟದಲ್ಲಿ ಬೋರ್ ಕೊರೆಸುತ್ತಿದ್ದೆವು. 900 ಅಡಿ ಹತ್ತಿರ ರಾಡು ತಿರುಗುತ್ತಾ ನಿಂತಂತಾಗಿ, ಆಮೇಲೆ ಒಮ್ಮೆಲೇ ಜಗ್ಗಿ ತಿರುಗಿತು. ಲಾರಿಯೇ ಅಲುಗಾಡಿತು. ಏನಾಗಿರಬಹುದು?

ಉತ್ತರ: ರಿಗ್ (ಬೋರ್ ಕೊರೆಯುವ ಲಾರಿ) ನಡುಗುವುದೆಲ್ಲ ಕೆಟ್ಟದ್ದಲ್ಲ. ನಮ್ಮ ಕಡೆ ಗಟ್ಟಿ ಬಂಡೆ ಒಡೆಯುವುದು ಏಟಿನಿಂದ. ರಾಡಿನ ತುದಿಯಲ್ಲಿ ಹ್ಯಾಮರ್ ಇರುತ್ತದೆ. ಅದರೊಳಗಿನ ಪಿಸ್ಟನ್ ಕಂಪ್ರೆಸರ್ ಗಾಳಿಯ ಬಲದಿಂದ ನಿಮಿಷಕ್ಕೆ ಸಾವಿರಕ್ಕೂ ಜಾಸ್ತಿ ಸಲ ಬಿಟ್ ಮೇಲೆ, ಅಂದರೆ ಬಂಡೆಗೆ ತಾಗುವ ಕೊರೆಯುವ ತಲೆಯ ಮೇಲೆ, ಬಡಿಯುತ್ತದೆ. ರಾಡು ತಿರುಗುವುದು ನಿಮಿಷಕ್ಕೆ ಸುಮಾರು 20–30 ಸುತ್ತು ಮಾತ್ರ, ಬಿಟ್‌ನ ಬಟನ್‌ಗಳು (ಅದರ ಮುಖದ ಗಟ್ಟಿ ಗುಬ್ಬಿಗಳು) ಪ್ರತಿ ಏಟಿಗೂ ಹೊಸ ಜಾಗದಲ್ಲಿ ಬೀಳಲಿ ಅಂತ. ಆರೂವರೆ ಇಂಚಿನ ಬಿಟ್ ಆದರೆ ಅಂಚಿನ ಬಟನ್ ಏಟಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಸರಿಯುತ್ತದೆ. ಒಂದೇ ಸಮ ಕೇಳುವ ಆ ಬಡಿತ ಒಳ್ಳೆಯ ಗುರುತು.

ನೀವು ಕಂಡದ್ದು ಬೇರೆ. 20 ಅಡಿಯ ಒಂದು ರಾಡು ಕೈಗೆ ಬಗ್ಗುವುದಿಲ್ಲ, ಅಲ್ವಾ? ಅಂಥ 45 ರಾಡು ಜೋಡಿಸಿದರೆ ಉಕ್ಕೂ ಸ್ಪ್ರಿಂಗ್ ಆಗುತ್ತದೆ. ಕೆಳಗೆ ಬಂಡೆಯ ಬಿರುಕಿಗೆ ಬಿಟ್ ಕಚ್ಚಿಕೊಂಡಿತು ಅನ್ನಿ. ಮೇಲಿನ ಮೋಟಾರು ಸುಮ್ನೆ ನಿಲ್ಲುವುದಿಲ್ಲ. ರಾಡು ಕಾಲು ಸುತ್ತಿನಷ್ಟು ತಿರುಚಿಕೊಳ್ಳಬಹುದು. ಬಿಟ್ ಬಿಡಿಸಿಕೊಂಡ ಕ್ಷಣ, ಮಕ್ಕಳು ಜೋಕಾಲಿ ತಿರುಚಿ ಬಿಟ್ಟಾಗ ಆಗುವ ಹಾಗೆ ಗಿರ್ರನೆ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಸ್ಟಿಕ್-ಸ್ಲಿಪ್ ಅನ್ನುತ್ತಾರೆ. ಕಿಲೋಮೀಟರ್‌ಗಟ್ಟಲೆ ಆಳದ ಎಣ್ಣೆ ಬಾವಿಗಳಲ್ಲಿ ಹೀಗೆ ಹಲವು ಸುತ್ತು ತಿರುಚಿಕೊಳ್ಳುವುದೂ ಉಂಟು.

ಭಾರವೂ ಒಂದು ಕಾರಣ. ಅಷ್ಟು ಆಳದಲ್ಲಿ ರಾಡುಗಳ ತೂಕವೇ ಹಲವು ಟನ್. ಅದನ್ನೆಲ್ಲ ಬಿಟ್ ಮೇಲೆ ಬಿಟ್ಟರೆ ರಾಡು ಬಾಗಿ ಬೋರಿನ ಗೋಡೆಗೆ ಬಡಿಯುತ್ತದೆ, ಕಚ್ಚುವುದೂ ಜಾಸ್ತಿ. ಅದಕ್ಕೇ ಆಪರೇಟರ್ ಆಳಕ್ಕೆ ಹೋದಂತೆ ರಾಡನ್ನು ಒತ್ತುವುದಿಲ್ಲ, ಮೇಲಕ್ಕೆ ಹಿಡಿದಿರುತ್ತಾನೆ. ಕಚ್ಚಿದರೆ ಸ್ವಲ್ಪ ಎತ್ತಿ, ಗಾಳಿ ಹಾಯಿಸಿ, ಪುಡಿ ಹೊರಗೆ ಬರಲು ಬಿಡುತ್ತಾನೆ. ಆಗ ಅವಸರ ಮಾಡಬೇಡಿ. ಹಿಮ್ಮುಖ ತಿರುಗಿಸಿ ಅಂತಂತೂ ಹೇಳಲೇಬೇಡಿ. ಥ್ರೆಡ್ ಬಿಚ್ಚಿಕೊಂಡರೆ ಹ್ಯಾಮರ್ ಬೋರಿನೊಳಗೇ ಉಳಿಯುತ್ತದೆ.

ಇನ್ನೊಂದು ಮಾತು. ಗಟ್ಟಿ ಬಂಡೆಯಲ್ಲಿ ನೀರು ಇರುವುದೂ ಇಂಥ ಬಿರುಕುಗಳಲ್ಲೇ. ಎಲ್ಲ ಬಿರುಕಿನಲ್ಲೂ ನೀರಿರುವುದಿಲ್ಲ, ನಿಜ. ಆದರೂ ರಾಡು ಜಗ್ಗಿದಾಗ ಹೊರಗೆ ಬರುವ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿ. ಅಲ್ಲಿಯವರೆಗೆ ಹಿಟ್ಟಿನಂತೆ ಹಾರುತ್ತಿದ್ದದ್ದು ಈಗ ಮುದ್ದೆ ಕಟ್ಟುತ್ತಿದೆಯಾ?