ಗೊಂಡೋಲಾ: ಮುಚ್ಚಳವಿಲ್ಲದ ರೈಲು ಡಬ್ಬಿ

ಸೊಲ್ಲಾಪುರದಿಂದ ವಿಜಯಪುರದ ಕಡೆ ಹೊರಟರೆ ಹೋಟಗಿ ಜಂಕ್ಷನ್ ಸಿಗುತ್ತದೆ. ಅಲ್ಲಿ ಪ್ಯಾಸೆಂಜರ್‌ಗೆ ಕಾಯುತ್ತ ಕೂತರೆ ಕಲ್ಲಿದ್ದಲಿನ ಗೂಡ್ಸ್ ಗಾಡಿ ಕಣ್ಣಿಗೆ ಬೀಳುತ್ತದೆ. ಕೂಡಗಿಯ ವಿದ್ಯುತ್ ಸ್ಥಾವರ ಇರುವುದೂ ಇದೇ ಗದಗ ಲೈನಿನಲ್ಲಿ. ಮಕ್ಕಳು ಡಬ್ಬಿ ಎಣಿಸುತ್ತಾರೆ. ಐವತ್ತು ದಾಟಿದ ಮೇಲೂ ಗಾಡಿ ಮುಗಿಯುವುದಿಲ್ಲ. ನಾವು ವ್ಯಾಗನ್ ಅನ್ನುವ ಈ ತೆರೆದ ಡಬ್ಬಿಗೆ ಅಮೆರಿಕದಲ್ಲಿ ಗೊಂಡೋಲಾ ಅನ್ನುತ್ತಾರೆ.

ಗೊಂಡೋಲಾ ಅಂದರೆ ವೆನಿಸ್‌ನ ದೋಣಿ ಅಲ್ವಾ? ಹೌದು. ಅಮೆರಿಕದ ನದಿಗಳಲ್ಲಿ ಸರಕು ಹೊರುತ್ತಿದ್ದ ಚಪ್ಪಟೆ ತಳದ ದೋಣಿಗಳಿಗೂ ಅದೇ ಹೆಸರಿತ್ತು. 19ನೇ ಶತಮಾನದಲ್ಲಿ ಅಲ್ಲಿನ ರೈಲಿನವರು ಬರೀ ಹಲಗೆಯಂಥ ಗಾಡಿಯ ಸುತ್ತ ಮರದ ಪಟ್ಟಿ ಹೊಡೆದು ಸರಕು ತುಂಬತೊಡಗಿದರು. ಚಪ್ಪಟೆ ತಳ, ಸುತ್ತ ಗೋಡೆ, ಮೇಲೆ ಆಕಾಶ. ದೋಣಿಯ ಹೆಸರು ಅಂಟಿಕೊಂಡಿತು. ಮುಂದೆ ಮರ ಹೋಗಿ ಉಕ್ಕು ಬಂತು, ಹೆಸರು ಮಾತ್ರ ಹಾಗೇ ಇದೆ. ತಳ ಇಳಿಜಾರಾಗಿದ್ದು, ಕೆಳಗಿನ ಬಾಗಿಲಿನಿಂದ ಸರಕು ಸುರಿಯುವ ಡಬ್ಬಿ ಬೇರೆ. ಅದು ಹಾಪರ್.

ನನಗೆ ಜಾಸ್ತಿ ಇಷ್ಟವಾಗುವುದು ಗೋಡೆಯ ಎತ್ತರದ ಲೆಕ್ಕ. ಚುರುಮುರಿ ಚೀಲವನ್ನೂ ಜೋಳದ ಚೀಲವನ್ನೂ ಎತ್ತಿದವರಿಗೆ ಇದು ಕೂಡಲೇ ತಿಳಿಯುತ್ತದೆ. ನಮ್ಮ ರೈಲ್ವೆಯ ಬಾಕ್ಸ್‌ಎನ್ (BOXN) ಎಂಬ ತೆರೆದ ವ್ಯಾಗನ್ನಿನಲ್ಲಿ ಸುಮಾರು 56 ಘನ ಮೀಟರ್ ಜಾಗವಿದೆ. ಮೂಲ ವಿನ್ಯಾಸದಲ್ಲಿ ಅದು ಹೊರುವುದು ಸುಮಾರು 58 ಟನ್. ಕಲ್ಲಿದ್ದಲು ಹಾಕಿದರೆ ಜಾಗವೂ ತೂಕವೂ ಹೆಚ್ಚುಕಮ್ಮಿ ಒಟ್ಟಿಗೇ ಮುಗಿಯುತ್ತವೆ. ಕಬ್ಬಿಣದ ಅದಿರು ಹಾಕಿದರೆ ಅರ್ಧ ತುಂಬುವ ಮೊದಲೇ ತೂಕ ಮುಗಿದುಹೋಗುತ್ತದೆ. ಮೇಲ್ಸೇತುವೆಯಿಂದ ನೋಡಿ ಸುಮ್ನೆ ಖಾಲಿ ಓಡಿಸುತ್ತಿದ್ದಾರೆ ಅಂದುಕೊಳ್ಳಬೇಡಿ, ಅದು ತುಂಬಿದ ಗಾಡಿಯೇ! ಅದಕ್ಕೇ ಅದಿರಿಗೆ ತಗ್ಗು ಗೋಡೆಯ ಬಿಒವೈ ಎಂಬ ವ್ಯಾಗನ್ ಮಾಡಿದರು. ಬಿ ಅಂದರೆ ಬೋಗಿ (ಇಲ್ಲಿ ಡಬ್ಬಿಯಲ್ಲ, ಅದರ ಕೆಳಗಿನ ಚಕ್ರಗಳ ಚೌಕಟ್ಟು), ಒ ಅಂದರೆ ಓಪನ್. ಬಾಕ್ಸ್‌ಎನ್‌ನ ಎಕ್ಸ್ ಎತ್ತರದ ಗೋಡೆಗೆ, ಎನ್ ಗಾಳಿ ಬ್ರೇಕಿಗೆ.

ಅಮೆರಿಕದಲ್ಲೂ ಇದೇ ಲೆಕ್ಕ. ಉಕ್ಕಿನ ತೊಲೆ, ಪೈಪುಗಳಿಗೆ ತಗ್ಗಾದ ಉದ್ದನೆಯ ಮಿಲ್ ಗೊಂಡೋಲಾ. ಹಗುರವಾದ ಮರದ ಚಕ್ಕೆಗೆ ತುಂಬ ಎತ್ತರದ ಗೋಡೆ. ಕಲ್ಲಿದ್ದಲಿಗೆ ಬಾತ್‌ಟಬ್ ಗೊಂಡೋಲಾ. ಚಕ್ರಗಳ ನಡುವೆ ಅದರ ತಳ ತೊಟ್ಟಿಯಂತೆ ಕೆಳಗಿಳಿದಿರುತ್ತದೆ, ಹಾಗಾಗಿ ಇನ್ನಷ್ಟು ಹಿಡಿಸುತ್ತದೆ.

ತಳದಲ್ಲಿ ಬಾಗಿಲಿಲ್ಲದಿದ್ದರೆ ಖಾಲಿ ಮಾಡುವುದು ಹೇಗೆ? ಟಿಪ್ಲರ್ ಯಂತ್ರ ಇಡೀ ಡಬ್ಬಿಯನ್ನು ಬಿಗಿಯಾಗಿ ಹಿಡಿದು ಮಗುಚುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಡಬ್ಬಿಯನ್ನು ಗಾಡಿಯಿಂದ ಬಿಡಿಸಬೇಕು. ಅಮೆರಿಕದ ಎಷ್ಟೋ ಕಲ್ಲಿದ್ದಲು ಗಾಡಿಗಳಲ್ಲಿ ಕೊಂಡಿಯೇ ತಿರುಗುತ್ತದೆ, ಬಿಡಿಸುವ ಕೆಲಸವಿಲ್ಲ. ತಿರುಗುವ ಕೊಂಡಿ ಯಾವ ತುದಿಯಲ್ಲಿದೆ ಎಂದು ಗೊತ್ತಾಗಲು ಆ ತುದಿಗೆ ಬೇರೆ ಬಣ್ಣ ಬಳಿದಿರುತ್ತಾರೆ.