ಮೇಣದ ಹಲ್ಲು ಸೆಟ್ ಹಾಕಿ ನೋಡುವಾಗ ಏನನ್ನು ಗಮನಿಸಬೇಕು?

ಪ್ರಶ್ನೆ: ಅಮ್ಮನಿಗೆ ಪೂರ್ತಿ ಹಲ್ಲು ಸೆಟ್ ಕಟ್ಟಿಸುತ್ತಿದ್ದೇವೆ. ಮೇಣದ ಮೇಲೆ ಹಲ್ಲು ಜೋಡಿಸಿದ್ದಾರೆ, ಟ್ರಯಲ್‌ಗೆ ಬನ್ನಿ ಎಂದಿದ್ದಾರೆ ಡಾಕ್ಟರು. ಅದು ಸ್ವಲ್ಪ ಸಡಿಲವಾಗಿಯೇ ಇರುತ್ತದಂತೆ. ಮತ್ತೆ ಹಾಕಿ ನೋಡಿ ಏನು ಪ್ರಯೋಜನ?

ಉತ್ತರ: ತುಂಬಾ ಪ್ರಯೋಜನವಿದೆ. ಹಲ್ಲು ಕಟ್ಟಿಸುವ ಇಡೀ ಕೆಲಸದಲ್ಲಿ ಅಮ್ಮನ ಮಾತಿಗೆ ಅತಿ ಹೆಚ್ಚು ಬೆಲೆ ಇರುವುದು ಅವತ್ತೇ. ಮೇಣ ಇರುವ ತನಕ ಹಲ್ಲನ್ನು ಸರಿಸಬಹುದು, ತಿರುಗಿಸಬಹುದು, ಬೇರೆ ಹಲ್ಲನ್ನೇ ಕೂರಿಸಬಹುದು. ಆಮೇಲೆ ಲ್ಯಾಬ್‌ನಲ್ಲಿ ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ತುಂಬಿ ಬೇಯಿಸುತ್ತಾರೆ. ಅಲ್ಲಿಂದಾಚೆಗೆ ಅಷ್ಟಿಷ್ಟು ಉಜ್ಜಿ ಸರಿಮಾಡಬಹುದು, ಅಷ್ಟೇ.

ಸಡಿಲದ ಬಗ್ಗೆ ಚಿಂತೆ ಬೇಡ. ಮೇಣದ ಅಡಿಯಲ್ಲಿರುವ ತಟ್ಟೆ ತಾತ್ಕಾಲಿಕದ್ದು, ಕೊನೆಯ ಸೆಟ್ಟಿನಷ್ಟು ಬಿಗಿ ಹಿಡಿಯುವುದಿಲ್ಲ. ಆದರೆ ಒಂದು ಎಚ್ಚರಿಕೆ: ಜೋರಾಗಿ ಕಚ್ಚಬಾರದು. ಬಾಯಿಯ ಬಿಸಿಗೆ ಮೇಣ ಮೆತ್ತಗಾಗಿ ಹಲ್ಲು ಜರುಗುತ್ತದೆ.

ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಅಂದವಲ್ಲ, ಸೆಟ್ಟಿನ ಎತ್ತರ. ಅಮ್ಮ ಆರಾಮವಾಗಿ ಕೂತು "ಮ್" ಎಂದು ತುಟಿ ಮುಚ್ಚಲಿ. ಆಗ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಸುಮಾರು 2ರಿಂದ 4 ಮಿಲಿಮೀಟರ್ ಜಾಗ ಉಳಿಯಬೇಕು. ಎತ್ತರ ಜಾಸ್ತಿಯಾದರೆ ತುಟಿ ಮುಚ್ಚಲು ಕಷ್ಟ, ಮಾತಾಡುವಾಗ ಹಲ್ಲು ಟಕಟಕ ಬಡಿಯುತ್ತದೆ, ದಿನ ಕಳೆದಂತೆ ದವಡೆ, ಒಸಡು ನೋಯುತ್ತವೆ. ಕಡಿಮೆಯಾದರೆ ಗದ್ದ ಮೂಗಿನ ಹತ್ತಿರ ಬಂದು ಮುಖ ಕುಗ್ಗಿದ ಹಾಗೆ ಕಾಣುತ್ತದೆ. ತುಟಿಯ ಮೂಲೆ ಮಡಿಕೆಯಾಗಿ, ಅಲ್ಲಿ ಜೊಲ್ಲು ನಿಂತು ಹುಣ್ಣಾಗಬಹುದು. ಬಾಯಿ ಮುಚ್ಚಿದಾಗ ಎರಡೂ ಕಡೆ ಹಲ್ಲು ಒಟ್ಟಿಗೇ ತಾಗುತ್ತವಾ ಅಂತಲೂ ಡಾಕ್ಟರು ಕೇಳುತ್ತಾರೆ. ಒಂದು ಕಡೆ ಮೊದಲು ತಾಗಿದರೆ ಅಮ್ಮ ಹೇಳಲೇಬೇಕು.

ಆಮೇಲೆ ಮಾತು. ಸುಮ್ನೆ ಕೂರುವ ಬದಲು "ಸೊಸೆ", "ಸಂತಸ", "ಫೋನು" ಇಂಥ ಪದಗಳನ್ನು ಹೇಳಿಸಿ. "ಫ" ಎನ್ನುವಾಗ ಮೇಲಿನ ಮುಂಭಾಗದ ಹಲ್ಲಿನ ಅಂಚು ಕೆಳತುಟಿಯ ಒಳಭಾಗಕ್ಕೆ ಹಗುರವಾಗಿ ತಾಗಬೇಕು. "ಸ" ಎನ್ನುವಾಗ ಮೇಲಿನ, ಕೆಳಗಿನ ಹಲ್ಲು ಹತ್ತಿರ ಬರಬೇಕು, ಆದರೆ ಬಡಿಯಬಾರದು. ಹೊಸದರಲ್ಲಿ ನಾಲಿಗೆ ಸ್ವಲ್ಪ ತೊಡರುವುದು ಸಹಜ.

ಕೊನೆಗೆ ಅಂದ. ಕೈಗನ್ನಡಿಯನ್ನು ಮೂಗಿನ ಹತ್ತಿರ ಹಿಡಿದರೆ ಬರೀ ಹಲ್ಲು ಕಾಣುತ್ತದೆ, ಮುಖ ಕಾಣುವುದಿಲ್ಲ. ಎದುರಿಗೆ ಕೂತವರು ನೋಡುವಷ್ಟು ದೂರದಿಂದ, ಕಿಟಕಿಯ ಬೆಳಕಿನಲ್ಲಿ ನೋಡಲಿ. ನಕ್ಕು ನೋಡಲಿ. ಹಲ್ಲಿದ್ದ ಕಾಲದ, ನಗುತ್ತಿರುವ ಒಂದು ಫೋಟೊ ಒಯ್ದರೆ ಡಾಕ್ಟರಿಗೂ ಸಹಾಯ. ದಿನಾ ಅಮ್ಮನನ್ನು ನೋಡುವ ನೀವೂ ಜೊತೆಗಿರಿ, ಆದರೆ ಬಣ್ಣ, ಆಕಾರದಲ್ಲಿ ಕೊನೆಯ ಮಾತು ಅಮ್ಮನದೇ ಆಗಲಿ. ತುಂಬಾ ದಿನ ಹಲ್ಲಿಲ್ಲದೆ ಇದ್ದವರಿಗೆ ತುಟಿ ಮುಂದೆ ಬಂದಂತೆ ಅನಿಸುವುದುಂಟು. ಅದು ಅಭ್ಯಾಸವಾಗುವಂಥದ್ದೋ, ನಿಜಕ್ಕೂ ಜಾಸ್ತಿಯಾಗಿದೆಯೋ ಎಂದು ಡಾಕ್ಟರನ್ನೇ ಕೇಳಿ.

ಹಿರಿಯರು "ಎಲ್ಲಾ ಸರಿ ಇದೆ ಬಿಡಿ" ಎಂದು ಸಂಕೋಚದಿಂದ ಎದ್ದುಬಿಡುತ್ತಾರೆ. ಹಾಗೆ ಎದ್ದು ಬರಲು ಬಿಡಬೇಡಿ. ದೊಡ್ಡ ಬದಲಾವಣೆ ಮಾಡಿದ್ದರೆ ಇನ್ನೊಮ್ಮೆ ಟ್ರಯಲ್ ನೋಡಿದ ಮೇಲೆಯೇ ಒಪ್ಪಿಗೆ ಕೊಡಿ.