ಗಾಡಿಯಿಂದ ಇಳಿದ ‘ಚಾರ್ಜು’

ಬಸ್ ಚಾರ್ಜು ಜಾಸ್ತಿ ಆಯಿತು ಅನ್ನುತ್ತೇವೆ. ಮೊಬೈಲನ್ನು ಚಾರ್ಜಿಗೆ ಹಾಕುತ್ತೇವೆ. ಪೊಲೀಸರು ಚಾರ್ಜ್‌ಶೀಟ್ ಸಲ್ಲಿಸುತ್ತಾರೆ. ವರ್ಗವಾಗಿ ಬಂದ ಅಧಿಕಾರಿ ಚಾರ್ಜು ತಗೊಳ್ಳುತ್ತಾರೆ. ದುಡ್ಡು, ಕರೆಂಟು, ಆರೋಪ, ಅಧಿಕಾರ ಎಲ್ಲಕ್ಕೂ ಒಂದೇ ಪದ!

ಈ ಪದದ ಬೇರು ಒಂದು ಗಾಡಿಯಲ್ಲಿದೆ. ಇಂದಿನ ಫ್ರಾನ್ಸ್ ಕಡೆಯ ಗಾಲ್ ಜನರ ಭಾಷೆಯಿಂದ ರೋಮನ್ನರು ಗಾಡಿಗೆ ‘ಕರ್ರುಸ್’ ಎಂಬ ಹೆಸರು ಪಡೆದರು. ಗಾಡಿಗೆ ಸಾಮಾನು ಹೇರುವುದು ‘ಕರ್ರಿಕಾರೆ’ ಆಯಿತು. ಅದು ಹಳೆಯ ಫ್ರೆಂಚಿನಲ್ಲಿ ಸವೆದು ‘ಚಾರ್ಜ್’ ಆಗಿ, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಗ್ಲಿಷಿಗೂ ಬಂತು. ಕಾರು, ಕಾರ್ಗೋ ಇದರ ನೆಂಟರೇ. 1200ರ ಸುಮಾರಿಗೆ ಇಂಗ್ಲಿಷಿನಲ್ಲಿ ಚಾರ್ಜ್ ಅಂದರೆ ಹೊರೆ. ಬೆಲೆ, ಖರ್ಚು ಎಂಬ ಅರ್ಥ ಬಂದದ್ದು 15ನೇ ಶತಮಾನದ ಹೊತ್ತಿಗೆ.

ಹೊರೆಗೂ ದುಡ್ಡಿಗೂ ಏನು ಸಂಬಂಧ? ನಮ್ಮ ಮಾತನ್ನೇ ಕೇಳಿ ನೋಡಿ. ಸಾಲದ ಹೊರೆ, ತೆರಿಗೆಯ ಹೊರೆ ಅನ್ನುತ್ತೇವಲ್ವಾ? ಹೊಣೆಯನ್ನು ‘ಹೊರುತ್ತೇವೆ’. ಅಪವಾದವನ್ನು ‘ಹೊರಿಸುತ್ತೇವೆ’. ಇಂಗ್ಲಿಷಿನವರು ಗಾಡಿ ನೋಡಿ ಕಟ್ಟಿದ ಅರ್ಥಗಳನ್ನೇ ನಾವು ತಲೆಹೊರೆಯಿಂದ ಕಟ್ಟಿಕೊಂಡಿದ್ದೇವೆ. ನನಗೆ ಈ ಪದದ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಇನ್ನು ಕರೆಂಟು. ಬಂದೂಕಿಗೆ ಮದ್ದು ತುಂಬುವುದಕ್ಕೂ ಇಂಗ್ಲಿಷಿನಲ್ಲಿ ಚಾರ್ಜ್ ಎನ್ನುತ್ತಿದ್ದರು. 1740ರ ದಶಕದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ‘ಲೇಡನ್ ಜಾಡಿ’ ಎಂಬ ಗಾಜಿನ ಜಾಡಿಯಲ್ಲಿ ವಿದ್ಯುತ್ ತುಂಬಿಡುವ ಪ್ರಯೋಗಗಳನ್ನು ಮಾಡಿದರು. ಅದನ್ನು ವಿವರಿಸಲು ಇದೇ ಮಾತು ಬಳಸಿದರು. ಇಂಥ ಹಲವು ಸಾಧನಗಳನ್ನು ಜೋಡಿಸಿ, ಫಿರಂಗಿಗಳ ಸಾಲಿಗಿದ್ದ ‘ಬ್ಯಾಟರಿ’ ಎಂಬ ಹೆಸರನ್ನೂ ಅದಕ್ಕೆ ಕೊಟ್ಟರು.

ಆದರೆ ಫ್ರಾಂಕ್ಲಿನ್ ಒಂದು ವಿಚಿತ್ರ ಗಮನಿಸಿದರು. ಜಾಡಿಯ ಒಂದು ಬದಿಗೆ ಎಷ್ಟು ವಿದ್ಯುತ್ ಸೇರುತ್ತದೋ, ಇನ್ನೊಂದು ಬದಿಯಿಂದ ಅಷ್ಟೇ ಹೋಗುತ್ತದೆ. ಒಟ್ಟು ಲೆಕ್ಕದಲ್ಲಿ ಏನೂ ಹೆಚ್ಚುವುದಿಲ್ಲ. ನಮ್ಮ ಮೊಬೈಲಿನ ಬ್ಯಾಟರಿಯಲ್ಲೂ ಹಾಗೆಯೇ. ಚಾರ್ಜಿಗೆ ಹಾಕಿದಾಗ ಹೊರಗಿನಿಂದ ಎಲೆಕ್ಟ್ರಾನುಗಳು ಬಂದು ಒಳಗೆ ರಾಶಿ ಬೀಳುವುದಿಲ್ಲ. ಒಂದು ತುದಿಯಿಂದ ಬಂದಷ್ಟೇ ಇನ್ನೊಂದು ತುದಿಯಿಂದ ಹೊರಡುತ್ತವೆ. ಒಳಗೆ ಲಿಥಿಯಂ ಅಯಾನುಗಳು, ಅಂದರೆ ಲಿಥಿಯಂ ಲೋಹದ ವಿದ್ಯುತ್ ಹೊತ್ತ ಕಣಗಳು, ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುತ್ತವೆ. ಅವನ್ನು ಸುಲಭವಾಗಿ ಹೋಗದ ಕಡೆಗೆ ದೂಡಲು ಶಕ್ತಿ ಬೇಕು. ಬ್ಯಾಟರಿಗೆ ನಾವು ಹೇರುವುದು ಆ ಶಕ್ತಿಯನ್ನು.